ಔಷಧ ಅಲ್ಲರಿ, ಬರೇ ಪುಡಿ

ಹನಮಂತಪ್ಪ ಕಾಕಾನ ಹಿಟ್ಟಿನ ಗಿರಣಿಯಲ್ಲಿ ಅಂದು ನಾವು ಐದು ಮಂದಿ ಇದ್ದೆವು: ನಾನು, ನನ್ನ ನೆಗೆಣ್ಣಿ ನಿಂಗವ್ವ, ನಮ್ಮ ಜೊತೆ ರೊಟ್ಟಿ ಬಡಿಯುವ ಮಾಬೂಬಿ, ಜೋಳದ ಚೀಲ ಇಳಿಸಲು ಟಂಟಂ ತಂದಿದ್ದ ನಮ್ಮ ಮನೆಯವರು ವೀರಪ್ಪ, ಮತ್ತೆ ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು ನಿಂತಿದ್ದ ಕಾಕಾ. ನಿಂಗವ್ವ ಎಂದರೆ ನಮ್ಮ ಭಾವನ ಹೆಂಡತಿ, ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಾನು ಅವಳನ್ನು ಯಕ್ಕಾ ಎಂದೇ ಕರೆದವಳು. ರೋಣದ ನಮ್ಮ ಮನೆಯ ಹಿತ್ತಲಲ್ಲಿ ಮೂರು ಒಲೆ ಹೂಡಿಕೊಂಡು ನಾವು ಮೂವರು ಹೆಂಗಸರು ಕಡಕ್ ರೊಟ್ಟಿ ಮಾಡುತ್ತೇವೆ. ನಮ್ಮ ಮನೆಯವರು ಅವನ್ನು ಗಜೇಂದ್ರಗಡ, ನರಗುಂದದ ಖಾನಾವಳಿಗಳಿಗೆ ಮುಟ್ಟಿಸುತ್ತಾರೆ.

ಚೀಲಗಳ ತೂಕ ಮುಗಿದಿತ್ತು. ಮಾಬೂಬಿಗೆ ಚೇಷ್ಟೆ ಹೊಳೆಯಿತು.

"ಕಾಕಾ, ದಿನಾ ಜ್ವಾಳದ ತೂಕಾ ನೋಡ್ತೀರಿ, ಇವತ್ತ ಬಡಿಯಾಕಿಯರ ತೂಕಾನೂ ನೋಡ್ರಿ" ಎಂದು ಅವಳೇ ಮೊದಲು ಕಾಟಾದ ಮೇಲೆ ಹತ್ತಿದಳು. ಐವತ್ತೆರಡು. ನಿಂಗವ್ವ ಹತ್ತಿದಳು, ಅರವತ್ತನಾಲ್ಕು. ಆಮೇಲೆ ನಾನು. ಕೆಂಪು ಅಂಕಿಗಳು ಓಡಿ ಓಡಿ ಎಂಬತ್ತನಾಲ್ಕಕ್ಕೆ ನಿಂತವು.

ಕಾಕಾ ಬಗ್ಗಿ ನೋಡಿ, "ಯವ್ವಾ, ಚೀಲಾ ಇನ್ನಾ ಕೆಳಗ ಇಳಿಸಿಲ್ಲೇನ?" ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. "ತೌಡ ಜರಡಿ ಹಿಡದ ತೂಗ್ರಿ ಕಾಕಾ, ಕಡಿಮಿ ಬರತೈತಿ" ಎಂದೆ. ನಗಿಸುವ ಬಾಯಿ ನನ್ನದು ಮೊದಲಿನಿಂದಲೂ. ಆದರೆ ಕಾಟಾದಿಂದ ಇಳಿಯುವಾಗ ಮಾಬೂಬಿಯ ಭುಜ ಹಿಡಿಯಬೇಕಾಯಿತು. ಒಂದು ಗೇಣು ಎತ್ತರ ಇಳಿಯಲು ತೊಡೆಯಲ್ಲಿ ಬಲವಿರಲಿಲ್ಲ. ಎರಡು ವರ್ಷದ ಹಿಂದೆ ಇದೇ ಚೇಷ್ಟೆಯಲ್ಲಿ ಇದೇ ಕಾಟಾ ಹತ್ತಿದ್ದಾಗ ಅರವತ್ತೊಂದು ತೋರಿಸಿತ್ತು. ಅದು ನನಗೆ ನೆನಪಿತ್ತು. ಉಳಿದವರ ಮುಖ ನೋಡಿದರೆ, ಅವರಿಗೂ ನೆನಪಿತ್ತು.

ಆ ಎರಡು ವರ್ಷದ ಹಿಂದೆಯೇ ನನ್ನ ಮೊಣಕಾಲು ಹಿಡಿದದ್ದು. ಬೆಳಗಿನಿಂದ ಮಧ್ಯಾಹ್ನದವರೆಗೆ ಗಿಡ್ಡ ಮಣೆಯ ಮೇಲೆ ಕೂತು, ಒಂದು ಕಾಲು ಮಡಚಿ ಒಂದು ಕಾಲು ಚಾಚಿ ರೊಟ್ಟಿ ಬಡಿದರೆ ಇನ್ನೇನಾದೀತು? ಏಳುವಾಗ ಅವ್ವಾ, ಕೂರುವಾಗ ಅಪ್ಪಾ. ನನ್ನ ಸಂಕಟ ನೋಡಲಾರದೆ ನಿಂಗವ್ವ ನರೇಗಲ್ಲಿನ ಸಂತೆಯಲ್ಲಿ ಚಾದರ ಹಾಸಿ ಬೇರು-ನಾರು ಮಾರುವವನಿಂದ ಒಂದು ಕಂದು ಪುಡಿ ತಂದಳು. ಊಟದ ಮೇಲೆ ಒಂದು ಚಿಟಿಕೆ ಬಾಯಿಗೆ ಹಾಕಿ ನೀರು ಕುಡಿ ಎಂದಳು. ಮರುದಿನ ನಾನು ಹುಡುಗಿಯಂತೆ ಎದ್ದು ಅಂಗಳ ಗುಡಿಸಿದೆ. ಮನೆಮಂದಿಗೆಲ್ಲ ಹಬ್ಬ.

ಆಮೇಲೆ ಆ ಪುಡಿ ನಿಂಗವ್ವನ ಸಂಚಿಯಲ್ಲಿ ಕಾಯಂ ಜಾಗ ಹಿಡಿಯಿತು. ಅವಳ ಎಲೆ-ಅಡಿಕೆ ಸಂಚಿ ತವರಿನಿಂದ ತಂದದ್ದು, ಚೌಕುಳಿ ಬಟ್ಟೆಯದು, ಅದಕ್ಕೆ ಏಳು ಕಿಸೆ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಲವಂಗ, ತಂಬಾಕು. ಈಗ ಒಂದರಲ್ಲಿ ಪುಡಿ. ಉಂಡು ಕೈ ತೊಳೆದ ಮೇಲೆ ಸಂಚಿ ಬಿಚ್ಚುವುದು, ಕೂತವರಿಗೆಲ್ಲ ಚಾಚುವುದು, ಯಾರೂ ಬೇಡ ಎನ್ನದಿರುವುದು ನಮ್ಮ ಕಡೆಯ ರೀತಿ. ನಾನು ದಿನಕ್ಕೆ ಮೂರು ಹೊತ್ತೂ ಚಿಟಿಕೆ ಹಾಕಿಕೊಳ್ಳುತ್ತಿದ್ದೆ. ನಿಂಗವ್ವ ಸಂಜೆಗೊಮ್ಮೆ. ಮಾಬೂಬಿ ಒಮ್ಮೆ ನಾಲಿಗೆಗೆ ಹಚ್ಚಿ, "ಥೂ, ಇದೇನ ಬೂದಿ" ಎಂದು ಉಗುಳಿದವಳು ಮತ್ತೆ ಮುಟ್ಟಲಿಲ್ಲ. ಆ ಉಗುಳೇ ಅವಳನ್ನು ಕಾಯಿತು.

ಮೊಣಕಾಲು ಸುಮ್ಮನಾಯಿತು, ನಾನು ಸುಮ್ಮನಾಗಲಿಲ್ಲ. ಮೈಯೊಳಗೆ ಯಾರೋ ಗಿರಣಿ ಚಾಲೂ ಮಾಡಿ ಬೀಗ ಹಾಕಿಕೊಂಡು ಹೋದಂತಾಗಿತ್ತು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಿದ್ದೆ ಹತ್ತಿರ ಸುಳಿಯದು. ಮಡಚಿಟ್ಟ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ. ತೊಳೆದ ತಾಟನ್ನೇ ಮತ್ತೆ ತೊಳೆಯುತ್ತಿದ್ದೆ. ಇಷ್ಟರ ಜೊತೆ ಹಸಿವು. ಅದು ಊಟದ ಹಸಿವಲ್ಲ. ಉಂಡು ಏಳುವಾಗಲೇ ಮತ್ತೆ ಹೊಟ್ಟೆ ಕರೆಯುತ್ತಿತ್ತು. ಮುಖ ಚಂದ್ರನಂತೆ ದುಂಡಗಾಯಿತು, ಗಲ್ಲ ಕೆಂಪಾದವು. ಮೊದಮೊದಲು ಓಣಿಯವರು ಹೊಗಳಿದರು. "ಮೈ ಬಂದೈತಿ ನೋಡ ಗಿರಿಜವ್ವಗ, ಭಾಳ ಸುಖಾ ಹತ್ತೈತಿ." ಆರು ತಿಂಗಳಿಗೆ ಅದೇ ಬಾಯಿಗಳು ಬೇರೆ ಹಾಡಿದವು. "ಇವರು ರೊಟ್ಟಿ ಮಾರತಾರೋ, ತಾವ ತಿಂತಾರೋ?" ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನನ್ನ ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವಳು ನಾನು. ಈಗ ಅದನ್ನು ಎಲ್ಲರೂ ನನಗೇ ಹೇಳತೊಡಗಿದರು, ನಾನು ಮೊದಲ ಸಲ ಕೇಳುತ್ತಿದ್ದೇನೋ ಎಂಬಂತೆ.

ನಮ್ಮ ಮನೆಯವರು ಬೈಯುವ ಮನುಷ್ಯರಲ್ಲ. ಗಿರಣಿಯಿಂದ ಬಂದ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ, ನಾನು ಎರಡನೇ ರೊಟ್ಟಿಗೆ ಕೈ ಚಾಚುವ ಹೊತ್ತಿಗೆ, ಬುಟ್ಟಿಯ ಮೇಲೆ ಅರಿವೆ ಮುಚ್ಚಿ ಅತ್ತ ಸರಿಸಿದರು. ಬೆಳಗಿನಿಂದ ಇನ್ನೂರು ರೊಟ್ಟಿ ಬಡಿದ ಕೈ ನನ್ನದು. ಒಂದು ರೊಟ್ಟಿಯ ಮುಂದೆ ಹಾಗೇ ಗಾಳಿಯಲ್ಲಿ ನಿಂತಿತು. ಕಾಕಾನ ಮಾತು ನನಗೆ ನಾಟಿರಲಿಲ್ಲ, ಆ ಅರಿವೆ ನಾಟಿತು.

ಅಲ್ಲಿಂದ ನನ್ನ ಅಳತೆಗಳ ತಿರುಗಾಟ ಶುರುವಾಯಿತು. ಮೊದಲು ಊರಿನ ಒಬ್ಬ ಡಾಕ್ಟರರು ತೂಕ ನೋಡಿ, ಗೋಡೆಗೆ ನಿಲ್ಲಿಸಿ ಎತ್ತರ ಅಳೆದು, ಒಂದು ತಖ್ತೆಯಲ್ಲಿ ಬೆರಳಿಟ್ಟು ತೋರಿಸಿದರು. ಹಸಿರು ದಾಟಿ, ಹಳದಿ ದಾಟಿ ನಾನು ಕೆಂಪಿನಲ್ಲಿದ್ದೆ.

"ಏನರ ಔಷಧಾ ತಗೋತೀರೇನವಾ?"

"ಇಲ್ರಿ."

"ಗುಳಗಿ? ಇಂಜೆಕ್ಷನ್?"

"ಇಲ್ರಿ ಸರ. ನನಗ ಗುಳಗಿ ಕಂಡ್ರ ಆಗೂದಿಲ್ರಿ."

ಸುಳ್ಳು ಹೇಳಿದೆನೇ? ದೇವರಾಣೆಗೂ ಇಲ್ಲ. ಔಷಧ ಎಂದರೆ ದವಾಖಾನೆಯಿಂದ ಬರುವುದು, ಚೀಟಿ ಇರುವುದು, ಕಹಿಯಾಗಿರುವುದು. ನೆಗೆಣ್ಣಿಯ ಸಂಚಿಯಿಂದ ಅಡಿಕೆ ಹೋಳಿನ ಜೊತೆ ಬರುವುದನ್ನು ಯಾರು ಔಷಧ ಎಂದಾರು? ಅವರು ಥೈರಾಯ್ಡ್ ಪರೀಕ್ಷೆ ಬರೆದರು. ಅದು ಸರಿ ಇತ್ತು. ಸರಿ ಇದ್ದದ್ದಕ್ಕೆ ಅತ್ತವಳು ನಾನೊಬ್ಬಳೇ ಇರಬೇಕು. ಏನಾದರೊಂದು ರೋಗ ಸಿಕ್ಕಿದ್ದರೆ ಹೊಟ್ಟೆಬಾಕತನದ ಹೆಸರಾದರೂ ಹೋಗುತ್ತಿತ್ತು.

ಆಮೇಲೆ ಗಜೇಂದ್ರಗಡ. ನಮ್ಮ ರೊಟ್ಟಿ ಹೋಗುವ ಖಾನಾವಳಿಯ ಓಣಿಯಲ್ಲೇ ಮಹಡಿಯ ಮೇಲೆ ಒಂದು ಕೋಣೆ. ಬರಿಗಾಲಲ್ಲಿ ಯಂತ್ರದ ಮೇಲೆ ನಿಂತು ಎರಡು ಹಿಡಿಕೆ ಹಿಡಿದರೆ ಮೈಯಲ್ಲಿ ಕೊಬ್ಬೆಷ್ಟು, ನೀರೆಷ್ಟು, ಎಲುಬೆಷ್ಟು ಎಂದು ಚೀಟಿ ಬರುತ್ತದೆ. ನನ್ನ ಚೀಟಿಯಲ್ಲಿ ನೂರಕ್ಕೆ ನಲವತ್ತಮೂರು ಪಾಲು ಕೊಬ್ಬು ಎಂದಿತ್ತು. ಕೆಳಗೆ, ದೇಹದ ವಯಸ್ಸು ಅರವತ್ತೆರಡು. ನನಗಾಗ ನಲವತ್ತನಾಲ್ಕು.

ಜೊತೆಗೆ ಬಂದಿದ್ದ ನಿಂಗವ್ವ ಚೀಟಿ ಓದಿಸಿ ಕೇಳಿದವಳೇ ಕೈ ಮುಗಿದಳು. "ಶರಣರಿ ಯಕ್ಕಾರ! ಇನ್ನ ಮ್ಯಾಲ ನಾನ ನಿಮ್ಮ ಕಾಲ ಬೀಳಬೇಕಾತಲ್ರಿ!"

ಮೆಟ್ಟಿಲಿಳಿಯುವವರೆಗೆ ನಗುತ್ತಲೇ ಇದ್ದೆವು. ಕೊನೆಯ ಮೆಟ್ಟಿಲಲ್ಲಿ ನನ್ನ ಕಾಲು ಮಡಚಿತು. ಕೂತುಬಿಟ್ಟೆ. ನಿಂಗವ್ವ ಪಕ್ಕದಲ್ಲಿ ಕೂತು, ಬೆನ್ನು ಸವರಿ, ಸಂಚಿ ಬಿಚ್ಚಿ ಒಂದು ಚಿಟಿಕೆ ಪುಡಿ ಕೊಟ್ಟಳು. ನಾನು ಹಾಕಿಕೊಂಡೆ.

ರೊಟ್ಟಿ ಬಿಟ್ಟೆ. ಐದು ವಾರ ಹಸಿ ಸೌತೆಕಾಯಿ, ಮೆಂತ್ಯೆ ಸೊಪ್ಪು, ಮಜ್ಜಿಗೆ. ಕಣ್ಣ ಮುಂದೆ ಹಂಚಿನ ಮೇಲೆ ರೊಟ್ಟಿ ಉಬ್ಬುವಾಗ ಆ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಹೊಗೆ ಎಂದು ಹೇಳುತ್ತಿದ್ದೆ. ಐದು ವಾರದ ಮೇಲೆ ಕಾಕಾನ ಕಾಟಾದಲ್ಲಿ ಎಂಬತ್ತೈದೂವರೆ. ಕುಪ್ಪಸದ ಹೊಲಿಗೆಯನ್ನು ಹೊಟ್ಟೆಯ ಕಡೆ ಮೂರು ಸಲ ಬಿಚ್ಚಿದ್ದೆ. ವಿಚಿತ್ರವೆಂದರೆ ಅದೇ ಕುಪ್ಪಸದ ತೋಳು ಸಡಿಲವಾಗಿ ಜೋತಾಡುತ್ತಿತ್ತು. ಅದನ್ನು ನೋಡಿಯೂ ನೋಡಿರಲಿಲ್ಲ ನಾನು. ಪ್ರತಿವರ್ಷ ಇಟಗಿ ಭೀಮಮ್ಮನ ದರ್ಶನಕ್ಕೆ ನಡೆದು ಹೋಗುತ್ತಿದ್ದವಳು ಆ ವರ್ಷ ಅರ್ಧ ದಾರಿಯಲ್ಲಿ ಟಂಟಂ ಹತ್ತಿದೆ. ಕಡೆಗೆ ಒಂದು ಮುಂಜಾನೆ ಮಣೆಯ ಮೇಲಿಂದ ಏಳಲಿಕ್ಕೇ ಬರಲಿಲ್ಲ. ಮಾಬೂಬಿ ರಟ್ಟೆ ಹಿಡಿದು ಎಬ್ಬಿಸಿದಳು. ಅವಳ ಬೆರಳು ಹಿಡಿದ ಕಡೆಯಲ್ಲೆಲ್ಲ ಮರುದಿನ ನೀಲಿ ಕಲೆ.

ಅವಳು ಆ ಕಲೆ ನೋಡಿ ಬೆಚ್ಚಿ ನಮ್ಮ ಮನೆಯವರಿಗೆ ಹೇಳಿದಳು. "ವೀರಪ್ಪಣ್ಣಾ, ನಾ ಏನ ಹೊಡದಿಲ್ರಿ, ಬರೇ ಹಿಡದೀನಿ. ಇದು ಉಂಡ ಬಂದ ಮೈ ಅಲ್ರಿ. ಉಂಡ ಮೈ ಹಿಂಗ ನೀಲಿ ಆಗೂದಿಲ್ಲ."

ಇಷ್ಟು ದಿನಕ್ಕೆ ಅದನ್ನು ಮೊದಲು ಹೇಳಿದವಳು ಅವಳೇ.

ನರಗುಂದದಲ್ಲಿ ಒಬ್ಬ ಡಾಕ್ಟರಬಾಯಿ ಇದ್ದಾರೆ, ತಾಳ್ಮೆಯಿಂದ ನೋಡುತ್ತಾರೆ ಎಂದು ಖಾನಾವಳಿಯವರು ಹೇಳಿದ್ದರು. ನಮ್ಮ ಮನೆಯವರು ನನ್ನನ್ನೂ ನಿಂಗವ್ವನನ್ನೂ ಕರೆದೊಯ್ದರು. ಬಾಗಿಲ ಮುಂದೆ ಉದ್ದನೆಯ ಎರಡು ಬೆಂಚು, ತುಂಬ ಜನ. ನಾನು ಕೂತರೆ ಏಳಲು ಬಾರದೆಂದು ನಿಂತೇ ಇದ್ದೆ, ಒಮ್ಮೆ ಈ ಗೋಡೆಗೆ ಒಮ್ಮೆ ಆ ಗೋಡೆಗೆ ಒರಗುತ್ತ. ಕೂತ ಒಬ್ಬ ಅಜ್ಜ, "ಕುಂಡ್ರವಾ, ಬೆಂಚ ಮುರಿಯೂದಿಲ್ಲ" ಎಂದ. ಪಾಪ, ಅವನು ಅಕ್ಕರೆಯಿಂದಲೇ ಹೇಳಿದ್ದು.

ಡಾಕ್ಟರಬಾಯಿ ನನ್ನ ತೂಕದ ಮಾತೇ ಎತ್ತಲಿಲ್ಲ. "ಕೈ ಊರದ ಕುರ್ಚಿಯಿಂದ ಏಳ್ರಿ" ಎಂದರು. ಆಗಲಿಲ್ಲ. ದರ್ಜಿಯ ಟೇಪಿನಂಥದೇ ಟೇಪು ತೆಗೆದು ಸೊಂಟ ಅಳೆದರು. ಅದನ್ನು ಎಲ್ಲರೂ ಅಳೆದಿದ್ದರು. ಆಮೇಲೆ ರಟ್ಟೆ ಅಳೆದರು, ತೊಡೆ ಅಳೆದರು. ಅವನ್ನು ಯಾರೂ ಅಳೆದಿರಲಿಲ್ಲ. ಇಕ್ಕಳದಂಥ ಒಂದು ಸಾಧನದಲ್ಲಿ ತೋಳಿನ ಹಿಂದಿನ ಚರ್ಮ ಹಿಡಿದು ದಪ್ಪ ನೋಡಿದರು. ಕುತ್ತಿಗೆಯ ಹಿಂದೆ ಎತ್ತಿನ ಹೆಗಲ ಮೇಲಿನ ಇಣಿಯಂತೆ ಬೆಳೆದಿದ್ದ ಗಡ್ಡೆಯನ್ನು ಮುಟ್ಟಿ ನೋಡಿದರು. ಹೊಟ್ಟೆಯ ಮೇಲಿನ ನೇರಳೆ ಗೆರೆಗಳ ಅಗಲವನ್ನೂ ಅದೇ ಟೇಪಿನಲ್ಲಿ ಅಳೆದರು. ಆ ಗೆರೆಗಳನ್ನು ನಾನು ಗಂಡನಿಗೂ ತೋರಿಸಿರಲಿಲ್ಲ.

"ನೋಡ್ರಿ ಗಿರಿಜವ್ವಾ, ಹೊಟ್ಟಿ ಬೆಳದೈತಿ, ಕೈಕಾಲ ಸೊರಗ್ಯಾವು. ಬರೇ ಉಂಡಿದ್ದರ ಹಿಂಗ ಆಗೂದಿಲ್ಲ. ಏನ ಔಷಧಾ ತಗೋತೀರಿ?"

"ಏನೂ ಇಲ್ರಿ."

"ನೆನಪ ಮಾಡ್ಕೋರಿ. ಸಂಧಿ ನೋವಿಗೆ, ಉಬ್ಬಸಕ್ಕ, ಮೈ ತುರಿಕಿಗೆ?"

"ಇಲ್ಲ ಬಾಯಾರ. ನಮ್ಮವ್ವನಾಣಿ ಇಲ್ಲ."

ಅವರು ಪೆನ್ನು ತೆಗೆದು ಬರೆಯತೊಡಗಿದರು. ಬರೆಯುತ್ತಲೇ ಇದ್ದರು. ಎಷ್ಟು ಪರೀಕ್ಷೆಯೋ, ಯಾವ ಊರಿಗೆ ಹೋಗಬೇಕೋ ಎಂದು ನನ್ನ ಕೈಬೆರಳು ಸೆರಗಿನ ಅಂಚನ್ನು ಕೀಳುತ್ತಿತ್ತು. ನಿಂಗವ್ವನಿಗೆ ಬಾಯಾರ ಮೇಲೆ ಮರುಕ ಬಂತು. ಮುಂಜಾನೆಯಿಂದ ಇಷ್ಟು ಮಂದಿಯನ್ನು ನೋಡಿದ ಹೆಣ್ಣುಮಗಳು, ಚಹಾ ಸಹ ಕುಡಿದಂತಿಲ್ಲ. ಅವಳು ಮೇಜಿನ ಮೇಲೆ ಸಂಚಿ ಬಿಚ್ಚಿದಳು.

"ದಣದೀರಿ ಬಾಯಾರ. ಎಲಿ ಹಾಕ್ಕೋತೀರೇನು? ಬ್ಯಾಡಂದ್ರ ಇದನ್ನ ಒಂದ ಚಿಟಿಕಿ ಹಾಕ್ಕೋರಿ. ಮೈ ಹಗರ ಆಗತೈತಿ."

ಡಾಕ್ಟರಬಾಯಿಯ ಪೆನ್ನು ನಿಂತಿತು. ಪೊಟ್ಟಣ ತೆಗೆದುಕೊಂಡು ಮೂಸಿದರು. "ಇದೇನು?"

"ಇದಾ? ಇದು ಔಷಧ ಅಲ್ಲರಿ, ಬರೇ ಪುಡಿ."

"ಯಾರ್ಯಾರು ತಗೋತೀರಿ?"

"ನಾ ಒಂದ ಹೊತ್ತ. ಇಕಿ ಮೂರೂ ಹೊತ್ತ. ಎರಡ ವರ್ಷ ಆತ್ರಿ. ಭಾಳ ಚಲೋ ಐತ್ರಿ, ಇಕಿ ಮೊಣಕಾಲ ಬ್ಯಾನಿ ಮರುದಿನಾನ ಹಾರಿ ಹೋತು. ನಿಮಗೂ ಒಂದ ಪುಡಿಕಿ ಕಟ್ಟಿ ಕೊಡಲೇನ್ರಿ?"

ಡಾಕ್ಟರಬಾಯಿ ಬರೆದ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದುಕೊಂಡರು.

ಮುಂಜಾನೆ ಎಂಟು ಗಂಟೆಯ ರಕ್ತ ಬೇಕೆಂದು ಮರುದಿನ ಮತ್ತೆ ಹೋದೆವು. ವರದಿ ಬಂದಾಗ ಅವರು ನಮ್ಮ ಭಾಷೆಯಲ್ಲೇ ಹೇಳಿದರು. ಪುಡಿಯಲ್ಲಿ ಸ್ಟೆರಾಯ್ಡ್ ಬೆರೆಸಿದ್ದಾರೆ. ಅದು ನೋವನ್ನು ಮುಚ್ಚುತ್ತದೆ, ಹಸಿವನ್ನು ಹೆಚ್ಚಿಸುತ್ತದೆ, ನಿದ್ದೆ ತಿನ್ನುತ್ತದೆ, ಕೈಕಾಲಿನ ಮಾಂಸ ಕರಗಿಸಿ ಹೊಟ್ಟೆ, ಮುಖ, ಬೆನ್ನಿಗೆ ಕೊಬ್ಬು ಸಾಗಿಸುತ್ತದೆ.

"ನಿಮ್ಮ ಮೈಯಾಗೂ ಇಂಥಾ ರಸ ತಾನ ಹುಟ್ಟತೈತಿ. ಮನ್ಯಾಗ ಬಾವಿ ಇದ್ದಂಗ. ಎರಡ ವರ್ಷ ಹೊರಗಿನ ನಳದ ನೀರ ಬಂತು, ಬಾವಿ ಹೂಳ ತುಂಬೇತಿ. ಈಗ ನಳ ಒಮ್ಮಿಗಲೇ ಬಂದ್ ಮಾಡಿದ್ರ ಮನ್ಯಾಗ ಹನಿ ನೀರ ಇರೂದಿಲ್ಲ, ಜೀವಕ್ಕ ಅಪಾಯ. ಪುಡಿ ಬಿಡ್ರಿ. ಅದರ ಬದಲಿ ಈ ಗುಳಗಿ ದಿನಾ ಮುಂಜಾನೆ ತಗೋರಿ. ನಾ ಸ್ವಲ್ಪ ಸ್ವಲ್ಪ ಕಡಿಮಿ ಮಾಡ್ತೀನಿ. ಒಂದ ದಿನಾನೂ ತಪ್ಪಿಸಬ್ಯಾಡ್ರಿ."

ನಿಂಗವ್ವನಿಗೂ ಪರೀಕ್ಷೆ ಮಾಡಿಸಿದರು. ಅವಳ ರಕ್ತದಲ್ಲಿ ಸಕ್ಕರೆ ಏರಿತ್ತು. ಅವಳಿಗೂ ಗುಳಿಗೆ ಬಂತು. ಒಂದೇ ಸಂಚಿ, ಎರಡು ಮೈ, ಎರಡು ಫಲ.

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಸಮಾಧಾನ. ನಾನು ಹೊಟ್ಟೆಬಾಕಿ ಅಲ್ಲ ಎಂದು ಕಾಗದದಲ್ಲಿ ಬರೆದು ಬಂದಿತ್ತು. ಸಿಟ್ಟು ಬಂದದ್ದು ಮನೆಗೆ ಮರಳುವ ದಾರಿಯಲ್ಲಿ. ಟಂಟಂನಲ್ಲಿ ನಿಂಗವ್ವ ನನ್ನ ಎದುರಿಗೆ ಕೂತಿದ್ದಳು, ಸಂಚಿಯನ್ನು ಮಡಿಲಲ್ಲಿ ಅವುಚಿಕೊಂಡು.

"ನಿನ್ನ ಕಾಲ ನೋಯತಿದ್ವಂತ ತಂದೆ ಗಿರಿಜಾ" ಎಂದಳು.

"ನನ್ನ ಎರಡ ವರ್ಷಾ ಕೊಡತೀಯೇನು?" ಎಂದೆ. "ಮಂದಿ ಮುಂದ ನಾ ಉಗಳಿಸಿಕೊಂಡದ್ದು ಕೊಡತೀಯೇನು?"

ಅವಳು ಮತ್ತೆ ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ, ಒಂದು ದಿನವಲ್ಲ, ಒಂದೂವರೆ ತಿಂಗಳು. ಮೂರು ಒಲೆಗಳ ನಡುವೆ ಮಾಬೂಬಿ ಕೂತು ಇತ್ತಲಿನ ಮಾತು ಅತ್ತ, ಅತ್ತಲಿನ ಮಾತು ಇತ್ತ ಮುಟ್ಟಿಸುತ್ತಿದ್ದಳು. "ಹಿಟ್ಟ ಕೇಳ್ಯಾಳ ಕೊಡು. ಹಿಟ್ಟ ಕೊಟ್ಟಾಳ ತಗೋ. ಯಾ ಅಲ್ಲಾ, ನಾ ರೊಟ್ಟಿ ಬಡಿಯಾಕ ಬಂದೀನೋ ಟಪಾಲ ಹಂಚಾಕ ಬಂದೀನೋ?"

ಇನ್ನು ನನ್ನ ತಪ್ಪನ್ನು ಹೇಳಬೇಕು. ಇದನ್ನು ಓದುವವರಿಗೆ ಉಪಯೋಗಕ್ಕೆ ಬರುವುದು ಇದೊಂದೇ ಇರಬಹುದು. ಗುಳಿಗೆ ನುಂಗುತ್ತಿದ್ದರೂ ಹೊಟ್ಟೆ ಇಳಿಯಲಿಲ್ಲ, ಇಳಿಯುತ್ತದೆಂದು ಡಾಕ್ಟರಬಾಯಿ ಅವಸರವಾಗಿ ಹೇಳಿರಲೂ ಇಲ್ಲ. ಆದರೆ ನನಗೆ ಅವಸರ. ಪುಡಿಯೂ ಅದೇ, ಗುಳಿಗೆಯೂ ಅದೇ ಜಾತಿ ಎಂದಾದರೆ, ವಿಷವನ್ನು ಚಮಚೆ ಬದಲಿಸಿ ಏಕೆ ಕುಡಿಯಬೇಕು ಎಂದು ತಲೆಯಲ್ಲಿ ಕೊರೆಯುತ್ತಿತ್ತು. ಅಷ್ಟರಲ್ಲಿ ಶ್ರಾವಣ ಬಂತು. ಸೋಮವಾರದ ಉಪವಾಸ ನಮ್ಮ ಮನೆಯಲ್ಲಿ ಬಲು ಕಟ್ಟುನಿಟ್ಟು. ಸಂಜೆಯ ಪೂಜೆಯವರೆಗೆ ಬಾಯಿಗೆ ನೀರೂ ಇಲ್ಲ. ಗುಳಿಗೆ ನುಂಗಿದರೆ ಉಪವಾಸ ಮುರಿದಂತೆ. ಬಿಟ್ಟೆ. ಏನೂ ಆಗಲಿಲ್ಲ. ಮಂಗಳವಾರ, ನಿನ್ನೆ ಏನೂ ಆಗಲಿಲ್ಲವಲ್ಲ ಎಂದು ಬಿಟ್ಟೆ. ಬುಧವಾರ ವಾಂತಿ ಶುರುವಾಯಿತು, ಬರಿಹೊಟ್ಟೆಯ ಪಿತ್ತ ಎಂದುಕೊಂಡೆ. ಗುರುವಾರ ಮೈ ಎಲ್ಲ ಬೇಯಿಸಿದ ಹಿಟ್ಟಿನಂತಾಯಿತು. ಕೊಬ್ಬು ಕರಗುತ್ತಿದೆ ಎಂದು ಒಳಗೊಳಗೇ ಖುಷಿಪಟ್ಟೆ. ಎಂಥ ಮಂಕು ನೋಡಿ!

ಶುಕ್ರವಾರ ಮುಂಜಾನೆ ಎರಡನೇ ರೊಟ್ಟಿ ಹಂಚಿಗೆ ಹಾಕಿದ್ದು ನೆನಪಿದೆ. ಅದನ್ನು ತಿರುವಿ ಹಾಕಿದ್ದು ನೆನಪಿಲ್ಲ.

ಕಣ್ಣು ಅರ್ಧ ತೆರೆದಾಗ ನಮ್ಮೂರಿನ ದವಾಖಾನೆಯ ಮಂಚದ ಮೇಲಿದ್ದೆ. ಮಾತುಗಳು ಬಾವಿಯ ತಳದಿಂದ ಬಂದಂತೆ ಕೇಳುತ್ತಿದ್ದವು. ಯಾರೋ ಎಳೆ ಪ್ರಾಯದ ಡಾಕ್ಟರು ಕೇಳುತ್ತಿದ್ದರು. "ಬಿಪಿ ಭಾಳ ಕೆಳಗ ಬಿದ್ದೈತಿ. ಏನಾಗಿತ್ರಿ ಇವರಿಗೆ?"

"ಉಪವಾಸ ಹಿಡದಿದ್ದಳ್ರಿ, ಶ್ರಾವಣದ್ದು. ಅದಕ್ಕ ಚಕ್ಕರ ಬಂದೈತಿ" ಎಂದು ಮಾಬೂಬಿ ಹೇಳಿದಳು. ಅವಳಿಗೆ ಗೊತ್ತಿದ್ದದ್ದೇ ಅಷ್ಟು.

"ಯಾವದರ ಔಷಧಾ ನಡದಿತ್ತೇನು?"

ಆಗ ನನ್ನ ಕಾಲಬುಡದಲ್ಲಿ ಮಂಚದ ಮೇಲೆ ಏನೋ ಸುರಿದ ಸದ್ದು. ಅಡಿಕೆ ಹೋಳು ಉರುಳಿದವು, ಸುಣ್ಣದ ಡಬ್ಬಿ ನೆಲಕ್ಕೆ ಬಿದ್ದು ಠಣ್ ಎಂದಿತು. ನಿಂಗವ್ವ ಸಂಚಿಯ ಏಳೂ ಕಿಸೆ ಬೋರಲು ಮಾಡಿದ್ದಳು.

"ಔಷಧಾ ಐತ್ರಿ! ಇದು ಔಷಧಾನ ಐತಿ. ಎರಡ ವರ್ಷ ನಾನ ಈ ಕೈಲೆ ತಿನಿಸೀನಿ. ನರಗುಂದದ ಬಾಯಾರು ಬದಲಿಗೆ ಗುಳಗಿ ಕೊಟ್ಟಾರು, ಒಂದಿನಾನೂ ಬಿಡಬ್ಯಾಡ ಅಂದಾರು. ಇಕಿ ಸ್ವಾಮಾರದಿಂದ ನುಂಗಿಲ್ಲ. ನಾ ದಿನಾ ನೋಡೀನಿ, ಗೂಡಿನಾಗಿನ ಗುಳಗಿ ಚೀಟಿ ಹ್ಯಾಂಗಿತ್ತು ಹಾಂಗ ಐತಿ. ಮಾತ ಬಿಟ್ಟಿದ್ವು, ಅದಕ್ಕ ಕೇಳಲಿಲ್ಲ. ಆಮ್ಯಾಲ ನನ್ನ ಪೊಲೀಸರಿಗೆ ಕೊಡ್ರಿ ಬೇಕಾದ್ರ. ಮದಲ ಇಕಿನ್ನ ನೋಡ್ರಿ!"

ಡಾಕ್ಟರು ಸಂಚಿಯಲ್ಲಿ ಉಳಿದಿದ್ದ ಹಳೆಯ ಪೊಟ್ಟಣ ನೋಡಲಿಲ್ಲ, ಅವಳು ಗೂಡಿನಿಂದ ತಂದಿದ್ದ ನನ್ನ ಗುಳಿಗೆ ಚೀಟಿಯ ಹೆಸರನ್ನು ಮಾತ್ರ ಓದಿ ನರ್ಸಿಗೆ ಏನೋ ಕೂಗಿದರು. ನನ್ನ ಕೈಗೆ ಸೂಜಿ ಚುಚ್ಚಿತು. ಸಲಾಯಿನ್ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ನಾನು ದಿಂಬಿಗೆ ಒರಗಿ ಕೂತೆ. ಆ ಹುಡುಗ ಡಾಕ್ಟರು ಆಮೇಲೆ ನಮ್ಮ ಮನೆಯವರಿಗೆ, "ಆ ಅಜ್ಜಿ ಹೇಳಿದ್ದು ಪುಣ್ಯಾ, ಹುಡಕೂದರಾಗ ಹೊತ್ತ ಮೀರತಿತ್ತು" ಎಂದರಂತೆ. ಐವತ್ತಮೂರರ ನಿಂಗವ್ವನಿಗೆ ಜೀವ ಉಳಿಸಿದ ಹೆಮ್ಮೆಗಿಂತ ಅಜ್ಜಿ ಎನಿಸಿಕೊಂಡ ಬೇಜಾರೇ ಬಹಳ ದಿನ ಉಳಿಯಿತು.

ಅವಳು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಒಂದೂವರೆ ತಿಂಗಳ ಮೇಲೆ ನಾನೇ ಮೊದಲು ಮಾತಾಡಿದೆ.

"ಯಕ್ಕಾ, ಒಂದ ಎಲಿ ಕೊಡು."

"ಎಲ್ಲೀದು ಎಲಿ? ಎಲ್ಲಾ ನಿನ್ನ ಕಾಲಾಗ ಸುರುವೀನಿ. ನರ್ಸ್‌ಬಾಯಿ ಕಸಬರಗಿ ತಗೊಂಡ ಬಳದ ಒಗದಳು" ಎಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು.

ಗುಳಿಗೆ ಪೂರ್ತಿ ಬಿಡಲು ನನಗೆ ಒಂದು ವರ್ಷಕ್ಕೂ ಮೇಲೆ ಹಿಡಿಯಿತು. ಕಡಿಮೆ ಮಾಡಿದಾಗಲೆಲ್ಲ ಮುಚ್ಚಿಟ್ಟ ನೋವು ಬಡ್ಡಿ ಸಮೇತ ಬರುತ್ತಿತ್ತು. ಮೈ ಕೈ ಹಿಂಡುತ್ತಿತ್ತು, ಕಾರಣವಿಲ್ಲದೆ ಅಳು. ದಿನಾ ಮುಂಜಾನೆ ನಿಂಗವ್ವ ನನ್ನ ಗುಳಿಗೆ ಅಂಗೈಯಲ್ಲಿಟ್ಟು, ನಾನು ನುಂಗಿ ಬಾಯಿ ತೆರೆದು ತೋರಿಸುವವರೆಗೆ ಒಲೆ ಹಚ್ಚುತ್ತಿರಲಿಲ್ಲ. ಮುಂದಿನ ಶ್ರಾವಣದಲ್ಲಿ ಮಠದ ಐನೋರನ್ನೇ ಕೇಳಿ ಬಂದಳು. "ಗುಳಗಿ ಊಟ ಅಲ್ಲಂತ, ಐನೋರು ಅಂದಾರು. ನುಂಗು" ಎಂದಳು. ಮಣೆಗಳನ್ನು ತೆಗೆದು ಒಲೆಯನ್ನು ಕಟ್ಟೆಗೆ ಏರಿಸಿದೆವು. ಈಗ ನಿಂತು ಬಡಿಯುತ್ತೇವೆ.

ಹೊಟ್ಟೆ ಇಳಿಯಿತು, ಪೂರ್ತಿ ಅಲ್ಲ. ಈಗ ಎಪ್ಪತ್ತೊಂದು ಇದ್ದೇನೆ. ನೇರಳೆ ಗೆರೆ ಬೆಳ್ಳಗಾಗಿವೆ. ಉಳಿದ ಹತ್ತು ಕಿಲೋ ಪುಡಿಯದ್ದೋ ನನ್ನದೋ ಎಂದು ಡಾಕ್ಟರಬಾಯಿಯನ್ನು ಕೇಳಿದೆ. "ಒಂದ ಚೀಲದಾಗ ಹತ್ತ ಹೊಲದ ಜ್ವಾಳ ಇರತಾವ" ಎಂದರು. ಅವ್ವನ ಕಡೆಯಿಂದ ಬಂದ ಮೈಕಟ್ಟು, ವಯಸ್ಸು, ಕೂತು ಮಾಡುವ ಕೆಲಸ, ಕೆಟ್ಟ ನಿದ್ದೆ, ತಿಂದದ್ದು, ಎಲ್ಲದರದ್ದೂ ಪಾಲಿದೆಯಂತೆ. ಅದನ್ನು ಕೇಳಿದ ಮೇಲೆ ಓಣಿಯಲ್ಲಿ ಯಾರ ಮೈ ನೋಡಿದರೂ ನಾನು ಲೆಕ್ಕ ಹಾಕುವುದಿಲ್ಲ. ಆದರೆ ಮೈಯೊಳಗಿನ ಆ ಗಿರಣಿಯ ಸದ್ದು ಪೂರ್ತಿ ನಿಂತಿಲ್ಲ. ಕೆಲವು ದಿನ ಈಗಲೂ ಮಡಚಿದ ಸೀರೆಯನ್ನು ಮತ್ತೆ ಬಿಚ್ಚುತ್ತೇನೆ. ಜ್ವರ ಬಂದರೆ, ಮೈಯೊಳಗಿನ ಬಾವಿಯ ನೀರು ಸಾಲದೆ ಹೋದೀತೆಂದು ಹೆದರುತ್ತೇನೆ.

ನಮ್ಮ ಮನೆಯವರು ಆ ಅರಿವೆಯ ಮಾತನ್ನು ಎಂದೂ ಎತ್ತಿಲ್ಲ. ದವಾಖಾನೆಯಿಂದ ಬಂದ ಸಂಜೆ ಊಟಕ್ಕೆ ಕೂತಾಗ ರೊಟ್ಟಿ ಬುಟ್ಟಿಯನ್ನು ನನ್ನ ತಾಟಿನ ಪಕ್ಕಕ್ಕೆ ತಂದಿಟ್ಟು, ಅರಿವೆ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. ಇಂದಿಗೂ ಹಾಗೇ ಮಾಡುತ್ತಾರೆ. ನಾನು ಒಂದೇ ರೊಟ್ಟಿ ತಿನ್ನುತ್ತೇನೆ. ಬುಟ್ಟಿ ಮಾತ್ರ ತೆರೆದಿರುತ್ತದೆ.

ಹೋದ ತಿಂಗಳು ನಾನೂ ನಿಂಗವ್ವನೂ ತೋರಿಸಿಕೊಳ್ಳಲು ನರಗುಂದಕ್ಕೆ ಹೋಗಿದ್ದೆವು. ಬೆಂಚಿನ ಮೇಲೆ ನಮ್ಮ ಪಕ್ಕ ರಾಜೂರಿನ ಒಬ್ಬ ಹೆಣ್ಣುಮಗಳು ಕೂತಿದ್ದಳು. ಮುಖ ದುಂಡಗೆ, ಗಲ್ಲ ಕೆಂಪು, ಕುಪ್ಪಸದ ತೋಳು ಸಡಿಲ. ಕೂತಲ್ಲಿ ಕೂರಲಾರದೆ ಕಾಲು ಅಲ್ಲಾಡಿಸುತ್ತಿದ್ದಳು. ನಾನು ನೋಡಿದೆ, ನಿಂಗವ್ವ ನನಗಿಂತ ಮೊದಲೇ ನೋಡಿದ್ದಳು.

"ಏನ ಔಷಧಾ ನಡದೈತೇನ ತಂಗಿ?" ಎಂದು ನಾನು ಕೇಳಿದೆ.

"ಏನಿಲ್ರಿ ಯಕ್ಕಾ. ಒಂದ ಗುಳಗಿ ಸೈತ ಇಲ್ಲ. ಒಳಗ ಬಾಯಾರಿಗೂ ಹೇಳಿ ಬಂದೀನಿ."

ನಿಂಗವ್ವ ನನ್ನ ತೊಡೆ ಚಿವುಟಿ ಸುಮ್ಮನಿರಿಸಿದಳು. ತನ್ನ ಬರಿದಾದ ಸಂಚಿಯನ್ನು ಮಡಿಲಲ್ಲಿ ಸವರುತ್ತ, "ಬಾಯಿ ಒಣಗೇತವಾ. ನಿನ್ನ ಸಂಚ್ಯಾಗ ಏನರ ಐತೇನು?" ಎಂದಳು.

"ಅಯ್ಯ, ಕೇಳೂದೇನ್ರಿ, ತಗೋರಿ" ಎಂದು ಅವಳು ಸಂಭ್ರಮದಿಂದ ಸೊಂಟದ ಸಂಚಿ ಬಿಚ್ಚಿ ಚಾಚಿದಳು. ನಿಂಗವ್ವ ಎಲೆ ತೆಗೆಯಲಿಲ್ಲ, ಅಡಿಕೆ ತೆಗೆಯಲಿಲ್ಲ. ಬೆರಳಾಡಿಸಿ ಒಂದು ಕಾಗದದ ಪೊಟ್ಟಣ ತೆಗೆದಳು.

ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಆ ಹೆಣ್ಣುಮಗಳ ಕೈ ಹಿಡಿದು ಎಬ್ಬಿಸಿ, ಸರದಿ ನೋಡದೆ ಡಾಕ್ಟರಬಾಯಿಯ ಬಾಗಿಲು ಬಡಿದಳು.